ಕರೆದವರೂ ಕೂತು ಉಣ್ಣುವ ಊಟ

ನಮ್ಮ ಕಡೆ ಯಾರದಾದರೂ ಮನೆಯಲ್ಲಿ ಜಂಬರ (ಮದುವೆ, ಪೂಜೆಯಂಥ ಸಮಾರಂಭ) ಮುಗಿದ ಮರುದಿನ ಆ ಮನೆಯವರನ್ನು ಕೇಳಿ ನೋಡಿ, ನಿನ್ನೆ ಯಾರ ಹತ್ತಿರ ಕೂತು ಮಾತಾಡಿದಿರಿ ಅಂತ. ಹೆಚ್ಚಿನವರಿಗೆ ಉತ್ತರ ಹೊಳೆಯುವುದಿಲ್ಲ. ಬಂದವರೆಲ್ಲರನ್ನೂ ಕಂಡಿರುತ್ತಾರೆ. "ಯಾವಾಗ ಬಂದಿರಿ? ಬಾಯಾರಿಕೆ ಕುಡಿದಿರಾ? ಊಟ ಮಾಡದೆ ಹೋಗಬೇಡಿ" ಅಂತ ಪ್ರತಿಯೊಬ್ಬರಿಗೂ ಹೇಳಿರುತ್ತಾರೆ. ಅದರಾಚೆ ಒಂದು ಮಾತೂ ಬೆಳೆದಿರುವುದಿಲ್ಲ. ಒಂದು ಪಂಕ್ತಿ ಏಳುವಾಗ ಇನ್ನೊಂದಕ್ಕೆ ಎಲೆ ಹಾಕಿಸಬೇಕು, ಪಾಯಸ ಸಾಕಾಗುತ್ತದಾ ನೋಡಬೇಕು, ಹೊರಟವರನ್ನು ಗೇಟಿನವರೆಗೆ ಬಿಟ್ಟು ಬರಬೇಕು. ಮನೆಯ ಹೆಂಗಸರು ಕೊನೆಯ ಪಂಕ್ತಿಗೆ ಕೂರುವಾಗ ಗಂಟೆ ಮೂರೂವರೆ. ಅಷ್ಟು ಹೊತ್ತಿಗೆ ಹಸಿವೆಯೂ ಸತ್ತಿರುತ್ತದೆ. ಬಂದವರ ಕಥೆಯೂ ಹೀಗೇ. ಉಂಡು ಕೈ ತೊಳೆದು, ಎಲೆ ಅಡಿಕೆ ಬಾಯಿಗೆ ಹಾಕಿ, ಹತ್ತು ನಿಮಿಷ ನಿಂತು ಕಾರು ಹತ್ತುತ್ತಾರೆ. ವರ್ಷಗಟ್ಟಲೆ ಕಾಣದ ನೆಂಟರು ಒಂದೇ ಚಪ್ಪರದಡಿ ಇದ್ದೂ ಮಾತಾಡದೆ ಹೋಗುತ್ತಾರೆ.

ಮೊದಲು ಹೀಗಿರಲಿಲ್ಲ. ಜಂಬರದ ಹಿಂದಿನ ರಾತ್ರಿ ನೆರೆಕರೆಯವರು ಮೆಟ್ಟುಕತ್ತಿ ಹಿಡಿದುಕೊಂಡು ಬರುತ್ತಿದ್ದರು. ಕುಂಬಳಕಾಯಿ ಹೆಚ್ಚುತ್ತಾ, ತೆಂಗಿನಕಾಯಿ ತುರಿಯುತ್ತಾ ಹನ್ನೊಂದು ಗಂಟೆಯವರೆಗೆ ಮಾತು ನಡೆಯುತ್ತಿತ್ತು. ಮದುವೆ ಸಂಬಂಧ ಕುದುರುತ್ತಿದ್ದದ್ದು, ಜಗಳ ತಿಳಿಯಾಗುತ್ತಿದ್ದದ್ದು, ಯಾರ ಮಗ ಎಲ್ಲಿ ಕೆಲಸಕ್ಕೆ ಸೇರಿದ ಅಂತ ಗೊತ್ತಾಗುತ್ತಿದ್ದದ್ದು ಎಲ್ಲ ಅಲ್ಲೇ. ಈಗ ಕೇಟರಿಂಗಿನವರು ಬೆಳಿಗ್ಗೆ ವ್ಯಾನಿನಲ್ಲಿ ಹೆಚ್ಚಿದ ತರಕಾರಿಯನ್ನೇ ತರುತ್ತಾರೆ. ಅವರನ್ನು ದೂರುವುದಿಲ್ಲ. ಮನೆಯಲ್ಲಿ ಇಬ್ಬರೇ ಇರುವಾಗ ಬೇರೆ ದಾರಿ ಏನಿದೆ? ಆದರೆ ಆ ಹಿಂದಿನ ರಾತ್ರಿ ನಮ್ಮ ಕೈಬಿಟ್ಟು ಹೋದದ್ದು ನನಗೆ ದೊಡ್ಡ ನಷ್ಟ ಅಂತಲೇ ಅನಿಸುತ್ತದೆ. ಅದನ್ನು ಸ್ವಲ್ಪವಾದರೂ ವಾಪಸು ತರಲು ದಾರಿ ಇದೆಯಾ ಅಂತ ಯೋಚಿಸುತ್ತಿದ್ದಾಗ, ಆ ದಾರಿ ಒಂದು ಭಾರದ ಕಬ್ಬಿಣದ ಪಾತ್ರೆಯ ರೂಪದಲ್ಲಿ ಬಂತು.

ಮೂರು ಕಾಲಿನ ಪಾತ್ರೆ

ನನ್ನ ಭಾವ ಕೆಲಸದ ನಿಮಿತ್ತ ಅಮೆರಿಕದ ಯೂಟಾ ರಾಜ್ಯದಲ್ಲಿ ಕೆಲವು ವರ್ಷ ಇದ್ದವರು. ಊರಿಗೆ ಬರುವಾಗ ಒಂದು ಡಚ್ ಓವನ್ ತಂದರು. ಎರಕದ ಕಬ್ಬಿಣದ್ದು, 12 ಇಂಚು ಅಗಲ, ಮುಚ್ಚಳ ಸೇರಿ ಸುಮಾರು 9 ಕಿಲೋ. ಕೆಳಗೆ ಮೂರು ಗಿಡ್ಡ ಕಾಲು. ಆ ಕಾಲುಗಳಿಂದಾಗಿ ಪಾತ್ರೆಯ ಅಡಿಗೆ ಕೆಂಡ ಹರಡಲು ಜಾಗ ಸಿಗುತ್ತದೆ. ಮುಚ್ಚಳ ಚಪ್ಪಟೆ, ಅಂಚು ಸುತ್ತಲೂ ಮೇಲಕ್ಕೆ ಎದ್ದಿರುತ್ತದೆ. ಮೇಲೆ ಹಾಕಿದ ಕೆಂಡ ಜಾರಿ ಬೀಳದಿರಲಿ, ಮುಚ್ಚಳ ಎತ್ತುವಾಗ ಬೂದಿ ಒಳಗೆ ಉದುರದಿರಲಿ ಅಂತ ಆ ಅಂಚು. ಎತ್ತಲು ತಂತಿಯ ಹಿಡಿ. ಇಷ್ಟೇ ಪಾತ್ರೆ. ಕರೆಂಟು, ಗ್ಯಾಸು ಏನೂ ಇಲ್ಲದೆ ಇದರಲ್ಲಿ ಬ್ರೆಡ್ಡು ಬೇಯುತ್ತದೆ, ಅನ್ನ ಆಗುತ್ತದೆ, ಗೆಡ್ಡೆ ಗೆಣಸು ಹುರಿದು ಬರುತ್ತದೆ.

ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಎಂಬವನು ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ಕ್ರಮಕ್ಕೆ 1707ರಲ್ಲಿ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ ಹಾಲೆಂಡಿಗೆ ಹೋಗಿ ಅಲ್ಲಿಯವರು ಹಿತ್ತಾಳೆ ಎರಕ ಹೊಯ್ಯುವುದನ್ನು ನೋಡಿ ಬಂದಿದ್ದ. ಅಗ್ಗದ, ಗಟ್ಟಿಯಾದ ಅಡುಗೆ ಪಾತ್ರೆಗಳು ಸಾಮಾನ್ಯರ ಮನೆಗೆ ಬಂದದ್ದು ಹೀಗೆ. ಅಮೆರಿಕದಲ್ಲಿ ಪಶ್ಚಿಮಕ್ಕೆ ವಲಸೆ ಹೋದ ಕುಟುಂಬಗಳು ಗಾಡಿಯಲ್ಲಿ ಇದನ್ನು ಹೊತ್ತುಕೊಂಡು ಹೋದವು. ಯೂಟಾ ರಾಜ್ಯ 1997ರಲ್ಲಿ ಇದನ್ನು ತನ್ನ ಅಧಿಕೃತ ಅಡುಗೆ ಪಾತ್ರೆ ಅಂತಲೇ ಘೋಷಿಸಿತು. ಅಲ್ಲಿ ಇವತ್ತಿಗೂ ಜನ ತಮ್ಮ ತಮ್ಮ ಪಾತ್ರೆ ಹಿಡಿದುಕೊಂಡು ಬಯಲಿನಲ್ಲಿ ಸೇರುತ್ತಾರೆ. ಸಾಲಾಗಿ ಕೆಂಡ ಹಾಕಿ, ಎಲ್ಲರೂ ಅವರವರ ಅಡುಗೆ ಮಾಡಿ, ಹೇಳಿದ ಹೊತ್ತಿಗೆ ಎಲ್ಲ ಮುಚ್ಚಳಗಳನ್ನೂ ತೆರೆದು ಹಂಚಿ ತಿನ್ನುತ್ತಾರೆ. ಭಾವ ಇದನ್ನು ವಿವರಿಸಿದಾಗ ನನಗೆ ಪಾತ್ರೆಗಿಂತ ಜಾಸ್ತಿ ಹಿಡಿಸಿದ್ದು ಆ ಕ್ರಮ. ಕರೆದವನ ಮನೆಯ ಅಡುಗೆಮನೆ ಅಲ್ಲಿ ಮುಚ್ಚಿಯೇ ಇರುತ್ತದೆ.

ಹಾಗೆ ಡಿಸೆಂಬರಿನ ಒಂದು ಭಾನುವಾರ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಗೆ ನೆಂಟರನ್ನೂ ನೆರೆಯವರನ್ನೂ ಕರೆದೆವು. ಭಾವ ತಂದದ್ದರ ಜೊತೆಗೆ ಇಲ್ಲೇ ಸಿಗುವ ಎರಕದ ಪಾತ್ರೆಗಳನ್ನೂ ಹೊಂದಿಸಿಕೊಂಡಿದ್ದೆವು. ಆಮೇಲೆ ಅದು ನಮ್ಮಲ್ಲಿ ರೂಢಿಯಾಗಿ ಬಂದಿದೆ.

ಅತ್ತೆ ಇಕ್ಕುಳ ತೆಗೆದುಕೊಂಡದ್ದು

ಮೊದಲ ಸಂಜೆಯ ಒಂದು ಗಳಿಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಭಾವ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು, ಮುಚ್ಚಳದ ಮೇಲೆ ಏಕೆ ಕೆಂಡ ಹಾಕಬೇಕು ಅಂತ ಹೇಳುತ್ತಿದ್ದರು. ಅತ್ತೆ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದವರು. ಮಂಡಿನೋವಿನಿಂದ ಎದ್ದು ಓಡಾಡುವುದು ಕಮ್ಮಿ. ಆ ದಿನ ಮಾತ್ರ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಬಂದರು. ಕೆಂಡದ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದರು. "ಇಕ್ಕುಳ ಕೊಡು ಇಲ್ಲಿ" ಅಂದರು. ಮುಚ್ಚಳದ ಮಧ್ಯೆ ರಾಶಿ ಬಿದ್ದಿದ್ದ ಕೆಂಡವನ್ನು ಒಂದೊಂದಾಗಿ ಅಂಚಿಗೆ ಸರಿಸಿ, ಬಳೆಯ ಹಾಗೆ ಸುತ್ತಲೂ ಜೋಡಿಸಿದರು. ನಡುವೆ ಎರಡೇ ಎರಡು ಉಳಿಸಿದರು. "ನಡುವೆ ಜಾಸ್ತಿ ಇಟ್ಟರೆ ಅಡ್ಯೆಯ ಹೊಟ್ಟೆ ಕರಟುತ್ತದೆ, ಬದಿ ಹಸಿ ಉಳಿಯುತ್ತದೆ" ಅಂದರು.

ಭಾವ ಅದನ್ನೇ ಹೇಳಲು ಹೊರಟಿದ್ದರು. ಯೂಟಾದಲ್ಲಿ ಕಲಿತದ್ದೂ ಅದೇ. ಅತ್ತೆಗೆ ಅದು ಗೆಂಡದಡ್ಯೆಯಿಂದ ಗೊತ್ತು. ಸೌತೆಕಾಯಿ, ಬೆಳ್ತಿಗೆ ಅಕ್ಕಿ, ಬೆಲ್ಲ, ತೆಂಗಿನ ತುರಿ ಹಾಕಿ ಮಾಡುವ ಈ ತಿಂಡಿಯನ್ನು ಹಿಂದೆ ಅಡಿಗೂ ಮೇಲಕ್ಕೂ ಕೆಂಡ ಹಾಕಿಯೇ ಬೇಯಿಸುತ್ತಿದ್ದರು. ಈಗ ಹೆಚ್ಚಿನ ಮನೆಗಳಲ್ಲಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡುತ್ತಾರೆ. ರುಚಿ ಕೆಡುವುದಿಲ್ಲ. ಆದರೆ ಆ ಮೇಲ್ಪದರದ ಕಂದು ಬಣ್ಣ, ಬೆಲ್ಲ ಸ್ವಲ್ಪ ಸುಟ್ಟ ಪರಿಮಳ ಹಬೆಯಲ್ಲಿ ಬರುವುದಿಲ್ಲ. "ನಮ್ಮ ಅಮ್ಮ ಬಚ್ಚಲು ಒಲೆಯ ಕೆಂಡ ತೆಗೆದು ಉರುಳಿಯ ಮುಚ್ಚಳದ ಮೇಲೆ ಹಾಕ್ತಿದ್ದರು. ನನ್ನ ಕೆಲಸ ಬೀಸಣಿಗೆ ಬೀಸುವುದು" ಅಂದರು ಅತ್ತೆ. ಮೊಮ್ಮಕ್ಕಳು ಅವರ ಸುತ್ತ ಕೂತದ್ದು ಆವಾಗ. ಆ ಸಂಜೆ ಅವರನ್ನು ವಾಪಸು ಕುರ್ಚಿಗೆ ಕಳಿಸಲು ಯಾರಿಂದಲೂ ಆಗಲಿಲ್ಲ.

ಪಾತ್ರೆಯ ಸುತ್ತ ಸೇರಿದವರಲ್ಲಿ ಬದಿಯಡ್ಕ ಕಡೆಯ ಒಬ್ಬರು ಇಕ್ಕ (ಮುಸ್ಲಿಂ ಹಿರಿಯರನ್ನು ನಮ್ಮಲ್ಲಿ ಹಾಗೆ ಕರೆಯುತ್ತೇವೆ) ಇದ್ದರು. ಮದುವೆ ಮನೆಗಳಿಗೆ ಬಿರಿಯಾನಿ ಮಾಡಿಕೊಡುವವರು. ನಾನು ಶಾಲೆಯಲ್ಲಿ ಕಲಿಸುವವನಾದ್ದರಿಂದ ಎಲ್ಲರಿಗೂ ಮಾಷೆ. "ಮಾಷೇ, ಮೇಲೆ ಕೆಂಡ ಇಲ್ಲದೆ ಎಂಥ ದಮ್ಮು? ಇದು ನಮ್ಮ ಬಿರಿಯಾನಿ ಚೆಂಬಿನ ಕೆಲಸವೇ ಅಲ್ವಾ" ಅಂದರು. ಅವರು ಅಕ್ಕಿಯನ್ನು ಮುಕ್ಕಾಲು ಬೇಯಿಸಿ, ಮಸಾಲೆಯ ಮೇಲೆ ಪದರ ಹಾಕಿ, ಮುಚ್ಚಳದ ಸಂದಿಗೆ ಮೈದಾ ಹಿಟ್ಟು ಮೆತ್ತುತ್ತಾರೆ. ಡಚ್ ಓವನ್ನಿನ ಮುಚ್ಚಳ ಭಾರ ಇರುವುದರಿಂದ ಹಿಟ್ಟು ಬೇಡ ಅಂತ ಭಾವ. ಹಿಟ್ಟು ಇಲ್ಲದೆ ಮಸಾಲೆಯ ಹಬೆ ನಿಲ್ಲುವುದಿಲ್ಲ ಅಂತ ಇಕ್ಕ. ಒಂದು ಪಾತ್ರೆಗೆ ಹಿಟ್ಟು ಹಾಕಿ, ಒಂದಕ್ಕೆ ಹಾಕದೆ ನೋಡೋಣ ಅಂತ ತೀರ್ಮಾನ ಆಯಿತು. ಎರಡೂ ಒಳ್ಳೆಯದೇ ಆದವು. ಹಿಟ್ಟು ಹಾಕಿದ್ದರಲ್ಲಿ ಅನ್ನದ ಮೇಲ್ಪದರ ಹೆಚ್ಚು ಮೆತ್ತಗಿತ್ತು ಅಂತ ನನ್ನ ನಾಲಿಗೆ ಹೇಳುತ್ತದೆ.

ಜಾಗ, ಕೆಂಡ, ಹೊತ್ತು

ಇಂಥ ಕೂಟ ಚೆನ್ನಾಗಿ ನಡೆಯಬೇಕಾದರೆ ಕರೆದವರು ಅಡುಗೆಯ ತಲೆಬಿಸಿ ಬಿಟ್ಟು ಮೂರು ಸಂಗತಿಗಳನ್ನು ಹಿಡಿದುಕೊಳ್ಳಬೇಕು. ಬೆಂಕಿಗೆ ಜಾಗ, ಬೇಕಾದಷ್ಟು ಕೆಂಡ, ಮತ್ತು ಗಡಿಯಾರ. ಉಳಿದದ್ದನ್ನು ಬಂದವರಿಗೆ ಬಿಡಬೇಕು.

ಜಾಗದ ವಿಷಯ ನಮ್ಮೂರಲ್ಲಿ ಸುಲಭ ಅಲ್ಲ. ಮಳೆಗಾಲ ಮುಗಿದು ಚಳಿ ಬೀಳುವ ತಿಂಗಳುಗಳಲ್ಲೇ ಇದನ್ನು ಇಟ್ಟುಕೊಳ್ಳಬೇಕು. ಆದರೆ ಅದೇ ಹೊತ್ತಿಗೆ ಅಂಗಳ ತುಂಬ ಅಡಿಕೆ ಒಣಗುತ್ತಿರುತ್ತದೆ. ಹಣ್ಣಡಿಕೆ ಒಣಗಲು ಸುಮಾರು 40 ದಿನದ ಬಿಸಿಲು ಬೇಕು, ಅದನ್ನು ಎತ್ತಿಡುವ ಮಾತೇ ಇಲ್ಲ. ಒಣ ಸೋಗೆ, ಮಡಲು, ಸಿಪ್ಪೆಯ ರಾಶಿ ಎಲ್ಲ ಒಂದು ಕಿಡಿಗೆ ಕಾಯುತ್ತಿರುತ್ತವೆ. ಗುಡ್ಡೆಯ ಮೇಲೆ ಮಾಡೋಣ ಅಂತ ಹುಡುಗರಿಗೆ ಆಸೆ. ಅಲ್ಲಿಂದ ಸೂರ್ಯ ಮುಳುಗುವುದು ಚೆಂದ ಕಾಣುತ್ತದೆ, ನಿಜ. ಆದರೆ ಮುಳಿಹುಲ್ಲು ಒಣಗಿ ನಿಂತ ಗುಡ್ಡೆಯಲ್ಲಿ ಕೆಂಡ ಇಟ್ಟುಕೊಂಡು ಕೂರುವುದು ಬೇಡವೇ ಬೇಡ. ಸಂಜೆ ಗಾಳಿ ತಿರುಗಿದರೆ ಕ್ಷಣದಲ್ಲಿ ಬೆಂಕಿ ಹಬ್ಬುತ್ತದೆ. ನಾವು ಆರಿಸಿಕೊಂಡದ್ದು ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಾದ ಗದ್ದೆ. ಎರಡನೇ ಬೆಳೆ ಇಲ್ಲದ ಕಡೆ ಡಿಸೆಂಬರಿಗೆ ಮಣ್ಣು ಗಟ್ಟಿಯಾಗಿರುತ್ತದೆ. ಕೂಳೆ ಕೆತ್ತಿ, ಮಣ್ಣು ತಟ್ಟಿ, ನಾಲ್ಕು ಕೊಡಪಾನ ನೀರು ಪಕ್ಕದಲ್ಲಿಟ್ಟರೆ ನಿಶ್ಚಿಂತೆ. ನಮ್ಮಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಪೈಪಿನಲ್ಲಿ ಗದ್ದೆಯ ಬದಿಯವರೆಗೆ ಬರುತ್ತದೆ, ಹಾಗಾಗಿ ಆ ಚಿಂತೆಯೂ ಇಲ್ಲ.

ನೆಲದ ಮೇಲೆ ನೇರ ಕೆಂಡ ಹರಡುವುದಕ್ಕಿಂತ ಸೊಂಟದ ಎತ್ತರಕ್ಕೆ ಕಟ್ಟೆ ಮಾಡಿದರೆ ಒಳ್ಳೆಯದು. ಕೆಂಪುಕಲ್ಲು ಒಂದರ ಮೇಲೊಂದು ಇಟ್ಟು, ಮೇಲೆ ದಪ್ಪ ಕಬ್ಬಿಣದ ತಗಡು ಹಾಸಿ, ತಗಡಿನ ಮೇಲೆ ಒಂದು ಪದರ ಒಣ ಮಣ್ಣು. ಇದು ವಯಸ್ಸಾದವರಿಗಾಗಿ. ಬಗ್ಗಬೇಕು ಅಂತಾದರೆ ಅವರು ದೂರ ಕೂತು ನೋಡುತ್ತಾರೆ. ನಿಂತು ಮಾಡಬಹುದು ಅಂತಾದರೆ ಇಕ್ಕುಳ ಕೈಗೆ ತೆಗೆದುಕೊಳ್ಳುತ್ತಾರೆ. ಕಲ್ಲು ಮಾತ್ರ ಒಣಗಿರಬೇಕು, ನೀರು ಕುಡಿದ ಕಲ್ಲು ಬಿಸಿಗೆ ಸಿಡಿಯಬಹುದು. ಸಿಮೆಂಟು ನೆಲದ ಮೇಲೂ ನೇರ ಕೆಂಡ ಹಾಕಬಾರದು, ನೆಲ ಚಕ್ಕೆ ಏಳುತ್ತದೆ. ಮುಚ್ಚಳ ಎತ್ತುವ ಕೊಕ್ಕೆಯನ್ನು ಊರಿನ ಕಮ್ಮಾರರ ಹತ್ತಿರ ಮಾಡಿಸಿದೆವು. ಒಂದು ಮೊಳ ಉದ್ದದ ಸರಳು, ತುದಿ ಬಗ್ಗಿಸಿ, ಮುಚ್ಚಳ ವಾಲದ ಹಾಗೆ ಒಂದು ಅಡ್ಡಪಟ್ಟಿ. ಪೇಟೆಯದ್ದಕ್ಕಿಂತ ಗಟ್ಟಿ.

ಇನ್ನು ಕೆಂಡ. ಅಮೆರಿಕದವರು ಒಂದೇ ಗಾತ್ರದ ಇದ್ದಿಲು ಬ್ರಿಕೆಟ್ ಬಳಸುತ್ತಾರೆ. ಅದರಿಂದ ಲೆಕ್ಕ ಸಲೀಸು. ಪಾತ್ರೆಯ ಅಗಲ ಎಷ್ಟು ಇಂಚೋ ಅದರ ಎರಡರಷ್ಟು ಬ್ರಿಕೆಟ್ ಇಟ್ಟರೆ ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಬಿಸಿ ಬರುತ್ತದೆ. 12 ಇಂಚಿನ ಪಾತ್ರೆಗೆ 24. ಬ್ರೆಡ್ಡು, ಅಡ್ಯೆಯಂಥ ಬೇಕಿಂಗ್ ಆದರೆ ಅದರಲ್ಲಿ 16 ಮೇಲೆ, 8 ಕೆಳಗೆ. ಬಿಸಿ ಮೇಲಕ್ಕೇ ಏರುವ ಕಾರಣ ಅಡಿಯ ಕೆಂಡದ ಶಾಖ ಪೂರ್ತಿ ಆಹಾರಕ್ಕೆ ತಟ್ಟುತ್ತದೆ. ಮೇಲಿನದ್ದರಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ. ಅದಕ್ಕೇ ಮೇಲೆ ಜಾಸ್ತಿ. ಗಸಿಯಂಥ ನೀರಿನ ಅಡುಗೆಗೆ ಇದು ಉಲ್ಟಾ, ಹೆಚ್ಚಿನ ಕೆಂಡ ಅಡಿಯಲ್ಲಿ. ಕರಿಯುವುದಿದ್ದರೆ ಎಲ್ಲವೂ ಅಡಿಯಲ್ಲೇ.

ನಮ್ಮಲ್ಲಿ ತೆಂಗಿನ ಗೆರಟೆ (ಚಿಪ್ಪು) ಇರುವಾಗ ಬ್ರಿಕೆಟ್ ಯಾಕೆ ತರಿಸಬೇಕು ಅಂತ ನನ್ನ ಪ್ರಶ್ನೆ. ಗೆರಟೆಯ ಕೆಂಡ ಕಾವಿನಲ್ಲಿ ಯಾವುದಕ್ಕೂ ಕಮ್ಮಿ ಇಲ್ಲ. ಆದರೆ ತುಂಡುಗಳು ಒಂದೇ ಗಾತ್ರದವಲ್ಲ, ಹಾಗಾಗಿ ಎಣಿಸಿ ಹಾಕಲಾಗುವುದಿಲ್ಲ. ಹಸಿ ಗೆರಟೆಯನ್ನೇ ಪಾತ್ರೆಯಡಿ ಹಾಕಿದರೆ ಜ್ವಾಲೆ ಎದ್ದು ತಳ ಕರಕಲಾಗುತ್ತದೆ. ಬದಿಯಲ್ಲಿ ಒಂದು ಗುಂಡಿ ತೋಡಿ ಗೆರಟೆ ಉರಿಸಬೇಕು. ಜ್ವಾಲೆ ಇಳಿದು, ಹೊಗೆ ನಿಂತು, ಮೇಲೆ ತೆಳ್ಳಗೆ ಬಿಳಿ ಬೂದಿ ಕಟ್ಟಿದ ಮೇಲೆ ಮಾತ್ರ ಎತ್ತಿ ತರಬೇಕು. ಬ್ರಿಕೆಟ್ ಮುಕ್ಕಾಲು ಗಂಟೆ ಬಾಳುತ್ತದೆ, ಗೆರಟೆಯ ಕೆಂಡ ಅಷ್ಟು ಬಾಳುವುದಿಲ್ಲ. ಆದ್ದರಿಂದ ಆ ಗುಂಡಿಯ ಬೆಂಕಿ ಊಟದವರೆಗೂ ಆರಬಾರದು. ನನ್ನ ಪ್ರಕಾರ ಇಡೀ ಸಂಜೆಯ ಮುಖ್ಯ ಹುದ್ದೆ ಇದೇ. ಗುಂಡಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಅವರಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಬೇಡಿ. ಒಂದು ಎಚ್ಚರ: ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆ ಅಂತ ಯಾರಾದರೂ ತಂದು ಸುರಿಯಬಹುದು. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆಯೂ ಕಣ್ಣು ಗಂಟಲಿಗೆ ಕೆಟ್ಟದ್ದು. ಅಡುಗೆಯ ಹತ್ತಿರ ಅದು ಬರಲೇಬಾರದು.

ಗಡಿಯಾರ ಹಿಂದಿನಿಂದ ಓಡಬೇಕು. ಊಟ ಏಳಕ್ಕೆ ಅಂತ ಇಟ್ಟುಕೊಳ್ಳಿ. ಮಕ್ಕಳಿಗೂ ಮುದುಕರಿಗೂ ಅದು ಒಳ್ಳೆಯ ಹೊತ್ತು. ಅಡ್ಯೆಗೆ ಐವತ್ತು ನಿಮಿಷ ಬೇಕು. ಬಿಸಿಯಾಗಿ ತುಂಡು ಮಾಡಿದರೆ ಮುರಿಯುತ್ತದೆ, ಹಾಗಾಗಿ ಆರಲು ಇನ್ನೊಂದು ಇಪ್ಪತ್ತು ನಿಮಿಷ ಸೇರಿಸಬೇಕು. ಅಂದರೆ ಅದು ಆರು ಗಂಟೆಗೆ ಮುಂಚೆಯೇ ಕೆಂಡದ ಮೇಲೆ ಕೂರಬೇಕು. ಬನ್ನಿಗೆ ಅರ್ಧ ಗಂಟೆ ಸಾಕು, ಅದು ಕೊನೆಗೆ. ಹೀಗೆ ಒಂದೊಂದು ಪಾತ್ರೆಯ ಹೊತ್ತನ್ನೂ ಚಾಕ್‌ಪೀಸಿನಲ್ಲಿ ಕಲ್ಲಿನ ಮೇಲೆ ಬರೆದಿಟ್ಟರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಎಲ್ಲ ಮುಚ್ಚಳ ಒಟ್ಟಿಗೆ ತೆರೆಯುವುದು ನೋಡಲು ಚೆಂದ ಅಂತ ಮಾತ್ರ ಅಲ್ಲ. ಮೊದಲು ಆದವರು ಮೊದಲು ತಿನ್ನುವುದು ಶುರುವಾದರೆ ಮತ್ತೆ ಅದೇ ಪಂಕ್ತಿ, ಅದೇ ಬಡಿಸುವ ಧಾವಂತ.

ಯಾರ ಪಾತ್ರೆಗೆ ಯಾರು

12 ಇಂಚಿನ ಒಂದು ಪಾತ್ರೆಯ ಅಡುಗೆ ಹತ್ತು ಹನ್ನೆರಡು ಜನರಿಗೆ ಸಾಕು. ನಾಲ್ಕೈದು ಬಗೆ ಇದ್ದರೆ ಇನ್ನೂ ಹೆಚ್ಚು ಜನರಿಗೆ ಬರುತ್ತದೆ. ಒಂದು ಪಾತ್ರೆಗೆ ಮೂವರು ನಾಲ್ವರು ಅಂತ ಮಾಡಿದರೆ ಹದ. ಒಂದೇ ಮನೆಯವರನ್ನು ಒಂದೇ ಪಾತ್ರೆಗೆ ಹಾಕಬಾರದು, ಇದರಲ್ಲಿ ನಾನು ಸ್ವಲ್ಪ ಹಟವನ್ನೇ ಮಾಡುತ್ತೇನೆ. ಮೈಸೂರಿನಿಂದ ಬಂದ ಸೊಸೆ, ಪೆರ್ಲದ ಅಪ್ಪಚ್ಚಿ (ಚಿಕ್ಕಪ್ಪ), ಪಕ್ಕದ ಮನೆಯ ಹೈಸ್ಕೂಲು ಹುಡುಗ. ಇಂಥ ಜೋಡಣೆ ಆಗಬೇಕು. ಅಪ್ಪಚ್ಚಿಗೆ ಬೆಂಕಿ ಗೊತ್ತು, ಸೊಸೆಗೆ ಯೀಸ್ಟು ಗೊತ್ತು, ಹುಡುಗನಿಗೆ ಫೋನಿನಲ್ಲಿ ಅಲಾರಾಂ ಇಡಲು ಗೊತ್ತು. ಅವರಿಗೆ ಬೇರೆ ದಿನ ಒಬ್ಬರಿಗೊಬ್ಬರು ಹೇಳಲು ಏನೂ ಇರುವುದಿಲ್ಲ. ಹಿಟ್ಟು ಯಾಕೆ ಇನ್ನೂ ಉಬ್ಬಲಿಲ್ಲ ಅನ್ನುವ ವಿಷಯ ಇದ್ದರೆ ಎಲ್ಲರಿಗೂ ಮಾತು ಬರುತ್ತದೆ.

ಅಡುಗೆ ಆರಿಸುವಾಗ ಒಂದು ಕಟ್ಟುಪಾಡು ಇದೆ. ಎರಕದ ಕಬ್ಬಿಣಕ್ಕೆ ಹುಳಿ ಆಗುವುದಿಲ್ಲ. ಹುಣಸೆ, ಪುನರ್ಪುಳಿ, ಟೊಮೆಟೊ ಹಾಕಿ ತುಂಬ ಹೊತ್ತು ಕುದಿಸಿದರೆ ಪಾತ್ರೆಯ ಎಣ್ಣೆಪದರ ಬಿಡುತ್ತದೆ, ಅಡುಗೆಗೂ ಕಬ್ಬಿಣದ ರುಚಿ ಬರುತ್ತದೆ. ನಮ್ಮ ಗೊಜ್ಜು, ಮೆಣಸ್ಕಾಯಿಗಳು ಇದರಲ್ಲಿ ಬೇಡ. ಅದನ್ನು ಯಾರಾದರೂ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ತರಲಿ. ಪಾತ್ರೆಗೆ ಒಪ್ಪುವುದು ಗೆಡ್ಡೆಗಳು. ಸುವರ್ಣಗಡ್ಡೆ, ಗೆಣಸು, ಸಾಂಬ್ರಾಣಿ (ಚಿಕ್ಕ ಆಲೂಗಡ್ಡೆಯಂಥ ಗೆಡ್ಡೆ) ಎಲ್ಲ ಆ ಹೊತ್ತಿಗೆ ಹೊಸತಾಗಿ ಸಿಗುತ್ತವೆ. ತೆಂಗಿನೆಣ್ಣೆ, ಉಪ್ಪು, ಕುಟ್ಟಿದ ಕಾಳುಮೆಣಸು, ಒಂದು ಹಿಡಿ ಕರಿಬೇವು. ಅಡಿಗೆ ಬಾಳೆಎಲೆ ಹಾಸಿ, ನೀರು ಹಾಕದೆ, ಮೇಲೆ ಕೆಳಗೆ ಸಮ ಕೆಂಡ. ಮುಕ್ಕಾಲು ಗಂಟೆಗೆ ಗೆಣಸಿನ ಬದಿಯಲ್ಲಿ ಜೇನಿನ ಬಣ್ಣದ ರಸ ಒಸರಿ ಗಟ್ಟಿಯಾಗಿರುತ್ತದೆ. ಸಾಂಬ್ರಾಣಿಯ ಸಿಪ್ಪೆ ಸುಕ್ಕಾಗಿ, ಒತ್ತಿದರೆ ಒಳಗಿನ ಹಿಟ್ಟು ಹೊರಗೆ ಬರುತ್ತದೆ. ನನಗೆ ಕೇಳಿದರೆ ಇಡೀ ಊಟದಲ್ಲಿ ಇದೇ ಮೇಲು. ಯೂಟಾದಲ್ಲಿ ಪೀಚ್ ಹಣ್ಣಿನ ಕಾಬ್ಲರ್ (ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಯಿಸುವ ಸಿಹಿ) ಮಾಡುತ್ತಾರಂತೆ. ನಮ್ಮಲ್ಲಿ ಅದೇ ಕ್ರಮದಲ್ಲಿ ಅನಾನಸು ಹಾಕಿದೆವು. ಮಕ್ಕಳು ತಳ ಕೆರೆದು ತಿಂದರು.

ಮುಚ್ಚಳ ತೆರೆಯಬಾರದ ಹೊತ್ತು

ಪಾತ್ರೆಗಳು ಕೆಂಡದ ಮೇಲೆ ಕೂತ ಮೇಲೆ ಮಾಡಲು ಹೆಚ್ಚೇನೂ ಇರುವುದಿಲ್ಲ. ತೆರೆದು ನೋಡಿದರೆ ಬಿಸಿ ಹೋಗುತ್ತದೆ, ಅದಕ್ಕೆ ಯಾರೂ ಬಿಡುವುದಿಲ್ಲ. ಕಾಲು ಗಂಟೆಗೊಮ್ಮೆ ಪಾತ್ರೆಯನ್ನು ಒಂದು ಕಡೆಗೆ ಕಾಲು ಸುತ್ತು, ಮುಚ್ಚಳವನ್ನು ಅದರ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಬೇಕು. ಒಂದು ಕಡೆ ಕೆಂಡ ಜೋರಿದ್ದರೆ ಅಲ್ಲೇ ಕರಟದಿರಲಿ ಅಂತ. ಒಬ್ಬರು ಹಿಡಿ ಹಿಡಿದು ಪಾತ್ರೆ ತಿರುಗಿಸುತ್ತಾರೆ, ಇನ್ನೊಬ್ಬರು ಕೊಕ್ಕೆಯಲ್ಲಿ ಮುಚ್ಚಳ. ಅರ್ಧ ನಿಮಿಷದ ಕೆಲಸ. ಮತ್ತೆ ಹದಿನಾಲ್ಕು ನಿಮಿಷ ಖಾಲಿ.

ಈ ಖಾಲಿ ಹೊತ್ತನ್ನು ತುಂಬಿಸಬೇಕು ಅಂತ ಕರೆದವರಿಗೆ ಕೈ ತುರಿಸುತ್ತದೆ. ಹಾಡು ಹಾಕೋಣ, ಆಟ ಆಡಿಸೋಣ, ಮೈಕ್ ತರೋಣ. ದಯವಿಟ್ಟು ಬೇಡ. ನಾವು ಎಷ್ಟೋ ವರ್ಷದಿಂದ ಹುಡುಕುತ್ತಿರುವ ಹೊತ್ತು ಇದೇ. ಕೈಯಲ್ಲಿ ಒಂದು ಚಿಕ್ಕ ಜವಾಬ್ದಾರಿ ಇದೆ, ಎದ್ದು ಹೋಗಲಾಗುವುದಿಲ್ಲ. ಆದರೆ ಅವಸರವೂ ಇಲ್ಲ. ಎದುರು ಬೆಂಕಿ ಇದೆ, ಹಾಗಾಗಿ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಮಾತು ಹುಡುಕುವ ಕಷ್ಟ ಇಲ್ಲ. ಕೆಂಡ ನೋಡುತ್ತಾ ಮಾತಾಡಬಹುದು, ಸುಮ್ಮನೆ ಕೂರಲೂಬಹುದು. ಆ ಸಂಜೆ ಬನ್ನಿನ ಪಾತ್ರೆಯ ಬದಿಯಲ್ಲಿ ಅಪ್ಪಚ್ಚಿ ತೋಟದ ಹಳದಿ ರೋಗದ ವಿಷಯ ತೆಗೆದರು. ಸಾಲು ಸಾಲು ಅಡಿಕೆ ಮರ ಹಳದಿ ತಿರುಗುತ್ತಿದೆ, ಮದ್ದು ಇಲ್ಲ ಅಂತ ಹೇಳುತ್ತಾ ಹೋದರು. ಪೇಟೆಯಲ್ಲಿ ಬೆಳೆದ ಸೊಸೆ ಮಣ್ಣಿನ ಬಗ್ಗೆ, ಬೇರಿನ ಬಗ್ಗೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದಳು. ಅವರು ಅಷ್ಟು ಹೊತ್ತು ಒಬ್ಬರೊಂದಿಗೆ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಅಲಾರಾಂ ಹೊಡೆದಾಗ ಮುಚ್ಚಳ ತಿರುಗಿಸಿ ಮತ್ತೆ ಅದೇ ಮಾತಿಗೆ ಬಂದರು.

ನಾನೂ ಅಲ್ಲೇ ಕೂತಿದ್ದೆ. ನಮ್ಮ ಮನೆಯ ಕಾರ್ಯಕ್ರಮದಲ್ಲಿ ನಾನು ಕೂತು ಕೇಳಿಸಿಕೊಂಡೆ ಅನ್ನುವುದೇ ನನಗೆ ದೊಡ್ಡ ಸಂಗತಿ. ಕರೆದವರು ಓಡಾಡಿ ಸುಸ್ತಾದರೆ ಮಾತ್ರ ಉಪಚಾರ ಆಯಿತು ಅಂತ ನಮ್ಮಲ್ಲಿ ಬೇರೂರಿದೆ. ಅದರಲ್ಲೂ ಹೆಂಗಸರ ವಿಷಯದಲ್ಲಿ. ಅತ್ತೆ ಮದುವೆಯಾಗಿ ಬಂದಲ್ಲಿಂದ ಬಡಿಸುವವರ ಸಾಲಿನಲ್ಲೇ ಇದ್ದವರು. ಮೊದಲ ಪಂಕ್ತಿಯಲ್ಲಿ ಅವರು ಕೂತದ್ದನ್ನು ನಾನು ನೋಡಿಲ್ಲ. ಆ ದಿನ ಏಳಕ್ಕೆ ಎಲ್ಲ ಮುಚ್ಚಳಗಳೂ ಎದ್ದಾಗ, ಬಾಳೆಎಲೆ ತುಂಡು ಕೈಗೆ ಬಂದದ್ದು ಎಲ್ಲರಿಗೂ ಒಟ್ಟಿಗೇ. ಬಡಿಸುವವರು ಅಂತ ಯಾರೂ ಇರಲಿಲ್ಲ. ಅತ್ತೆ ತಮ್ಮ ಪಾತ್ರೆಯ ಎದುರು ಬೆಂಚಿನಲ್ಲಿ ಕೂತು, ಸಾಂಬ್ರಾಣಿಯನ್ನು ಬಿಸಿ ಆರುವ ಮುಂಚೆಯೇ ಬೆರಳಲ್ಲಿ ಸುಲಿದು ಬಾಯಿಗೆ ಹಾಕಿಕೊಂಡರು. ಉಪ್ಪು ಕಮ್ಮಿ ಅಂದರು. ಉಪ್ಪಿನ ಡಬ್ಬಿ ತಂದುಕೊಟ್ಟದ್ದು ಇಕ್ಕ.

ಆಮೇಲಿನ ಕೆಲಸಗಳು

ರಾತ್ರಿ ಎಲ್ಲರೂ ಹೊರಟ ಮೇಲೆ ಕೆಂಡದ ಗುಂಡಿಗೆ ನೀರು ಹೊಯ್ದು, ಕೋಲಲ್ಲಿ ಕಲಕಿ, ಮತ್ತೆ ಹೊಯ್ಯಬೇಕು. ಬೂದಿಯ ಅಡಿಯಲ್ಲಿ ಮರುದಿನ ಬೆಳಿಗ್ಗೆಯವರೆಗೂ ಕೆಂಡ ಜೀವ ಹಿಡಿದಿರುತ್ತದೆ. ಆದರೆ ಬಿಸಿ ಪಾತ್ರೆಗೆ ಮಾತ್ರ ತಣ್ಣೀರು ತಾಗಬಾರದು, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಉಳಿದ ಅಡುಗೆಯನ್ನು ಅದರಲ್ಲೇ ಬಿಟ್ಟು ಮಲಗಬಾರದು. ಬಿಸಿನೀರು, ತೆಂಗಿನ ನಾರು ಸಾಕು ತೊಳೆಯಲು. ತೊಳೆದ ತಕ್ಷಣ ಒಲೆಯ ಮೇಲಿಟ್ಟು ಒಣಗಿಸಿ ತೆಳ್ಳಗೆ ಎಣ್ಣೆ ಸವರಬೇಕು. ಇಲ್ಲಿ ನಮ್ಮವರು ತೆಂಗಿನೆಣ್ಣೆಗೆ ಕೈ ಹಾಕುತ್ತಾರೆ. ಅಡುಗೆಗೆ ಅದರಷ್ಟು ಒಳ್ಳೆಯದಿಲ್ಲ. ಪಾತ್ರೆ ಪಳಗಿಸಲು ಮಾತ್ರ ಅದು ಆಗುವುದಿಲ್ಲ. ತೆಂಗಿನೆಣ್ಣೆಯಲ್ಲಿ ಸುಮಾರು 90 ಭಾಗ ಸ್ಯಾಚುರೇಟೆಡ್ ಕೊಬ್ಬು, ಅದು ಕಾಯಿಸಿದರೂ ಗಟ್ಟಿ ಪದರವಾಗಿ ಕೂರುವುದಿಲ್ಲ. ಎಳ್ಳೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಸವರಿ, ಹೊಗೆ ಬರುವವರೆಗೆ ಕಾಯಿಸಿದರೆ ಕಪ್ಪು ಪದರ ಕಟ್ಟುತ್ತದೆ. ದೋಸೆ ಕಾವಲಿ ಪಳಗಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿ, ಅದರಲ್ಲಿರುವ ಪೊಟ್ಯಾಶ್ ತೆಂಗಿಗೆ ಬೇಕಾದದ್ದು.

ಮಳೆಗಾಲದಲ್ಲಿ ಇವನ್ನು ಇಡುವುದೇ ದೊಡ್ಡ ಪಾಡು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಕಬ್ಬಿಣ ಎರಡೇ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿಟ್ಟರೆ ಒಳಗೆ ತೇವ ನಿಲ್ಲುತ್ತದೆ, ನಡುವೆ ಒಂದು ಮಡಿಸಿದ ಬಟ್ಟೆ ಇಟ್ಟು ಗಾಳಿ ಆಡಲು ಬಿಡಬೇಕು. ಅಡಿಕೆ ಒಣಗಿಸುವ ಅಟ್ಟ ಅಥವಾ ಒಲೆಯ ಮೇಲಿನ ಅಟ್ಟ ಇದ್ದರೆ ಅದೇ ಉತ್ತಮ ಜಾಗ. ಈಗ ಪಾತ್ರೆಗಳು ಒಂದೇ ಮನೆಯಲ್ಲಿಲ್ಲ. ಒಂದು ಪೆರ್ಲದಲ್ಲಿ ಅಪ್ಪಚ್ಚಿಯ ಅಟ್ಟದಲ್ಲಿ, ಒಂದು ಇಕ್ಕನ ಮನೆಯಲ್ಲಿ, ಭಾವನದ್ದು ಅತ್ತೆಯ ಕೋಣೆಯಲ್ಲಿ. ಇಕ್ಕ ತಮ್ಮ ಹತ್ತಿರ ಇರುವುದರಲ್ಲಿ ನೋಂಬಿನ ಸಂಜೆಗೆ ಏನೋ ಮಾಡಿ ನೋಡಿದರಂತೆ, ವಿವರ ಇನ್ನೂ ಹೇಳಿಲ್ಲ. ಮುಂದಿನ ಸಲ ಅಪ್ಪಚ್ಚಿಯ ಗದ್ದೆಯಲ್ಲಿ ಅಂತ ನಿಶ್ಚಯ ಆಗಿದೆ. ಅವರು ಈಗಲೇ ಗೆರಟೆ ಕೂಡಿಡುತ್ತಿದ್ದಾರೆ. ಕೆಂಪುಕಲ್ಲಿನ ಕಟ್ಟೆ ಎಷ್ಟು ಎತ್ತರ ಇರಬೇಕು ಅಂತ ಮೊನ್ನೆ ಫೋನ್ ಮಾಡಿ ಕೇಳಿದರು.